ದಿನಕ್ಕೊಂದು ಚಮಚ ಜೇನು

ಭಾನುವಾರ, ಮಾರ್ಚ್ ೯

ಪ್ರೀತಿಯ ಚಿನ್ನಿ,

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೋ. ಇಡೀ ದಿನ ಆಸ್ಪತ್ರೆಯಲ್ಲಿ ಊರವರ ಗಾಯ ತೊಳೆದು, ಮನೆಗೆ ಬಂದು ಅಪ್ಪನ ಗಾಯ ತೊಳೆಯುವವಳಿಗೆ ಪೆನ್ನು ಹಿಡಿಯಲು ಪುರುಸೊತ್ತೆಲ್ಲಿ? ನೀನೂ ನಿನ್ನ ಜೇನುಪೆಟ್ಟಿಗೆಗಳೂ ಕ್ಷೇಮವೆಂದು ನಂಬಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ಅಪ್ಪನ ಕಾಲಿನ ಹುಣ್ಣು ಮುಚ್ಚಿತು. ಜೀವಮಾನವೆಲ್ಲ ಹೊಲಿಗೆ ಮೆಷಿನ್ನು ತುಳಿದ ಕಾಲು, ಮೇಲೆ ಸಕ್ಕರೆ ಕಾಯಿಲೆ. ಹೀಗೇ ಬಿಟ್ಟರೆ ಹೆಬ್ಬೆರಳು ತೆಗೆಯಬೇಕಾಗುತ್ತದೆ ಎಂದಿದ್ದ ಡಾಕ್ಟರು ನಿನ್ನೆ ಹೊಸ ಚರ್ಮ ನೋಡಿ ನಕ್ಕರು. ನಾನು ಬಚ್ಚಲಿಗೆ ಹೋಗಿ ಅತ್ತುಬಂದೆ.

ಈಗ ಬೀದಿಯವರೆಲ್ಲ ಬಂದು ನೋಡಿ ಹೋಗುತ್ತಿದ್ದಾರೆ. ಅಪ್ಪ ಕಾಲು ಚಾಚಿ ಹೇಳುವುದು ಒಂದೇ ಮಾತು: "ನಮ್ಮ ಚಿನ್ನಿಯ ಜೇನು ಕಣ್ರೀ! ಡಾಕ್ಟರ ಮುಲಾಮೆಲ್ಲ ಸೋತು ಮನೆಗೆ ಹೋಯ್ತು." ಪಕ್ಕದಲ್ಲಿ ಟೀ ಲೋಟ ಹಿಡಿದು ನಿಂತ ನಾನು ಯಾರು? ನರ್ಸಮ್ಮ. ಅಪ್ಪ ನನ್ನನ್ನು ಕರೆಯುವುದೇ ಹಾಗಲ್ಲವೇ. ಕೈ ಕೆಸರಾದದ್ದು ನನ್ನದು, ಬಾಯಿ ಮೊಸರಾದದ್ದು ನಿನ್ನದು. ಹೌದು ಕಣೇ, ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನು ಮಾಡಲಿ?

ಅದಕ್ಕೇ ನಿಜ ಹೇಳಿಬಿಡುತ್ತೇನೆ. ನಿನ್ನ ಜೇನಿನ ಒಂದು ಹನಿಯೂ ಆ ಗಾಯಕ್ಕೆ ತಾಗಿಲ್ಲ.

ನೀನು ಬಾಟಲಿ ಕೊಟ್ಟು ಹೋದ ಮರುದಿನವೇ ಡಾಕ್ಟರನ್ನು ಕೇಳಿದ್ದೆ. "ಜೇನು ಒಳ್ಳೇದೇ. ಕ್ರಿಮಿಗೆ ಬೇಕಾದ ನೀರನ್ನ ಹೀರಿಬಿಡುತ್ತೆ, ಹುಳಿ ಗುಣ ಇದೆ, ಒದ್ದೆಯಾದಾಗ ನಾವು ಗಾಯ ತೊಳೆಯೋ ಪೆರಾಕ್ಸೈಡನ್ನ ತಾನೇ ಚೂರು ಚೂರು ಬಿಡುತ್ತೆ. ಆದ್ರೆ ಗೂಡಿಂದ ಇಳಿಸಿದ್ದನ್ನ ಹಾಗೇ ಹಚ್ಚಬೇಡಿ, ಅದರಲ್ಲೂ ರೋಗದ ಬೀಜ ಇರಬಹುದು. ಶುದ್ಧಿ ಮಾಡಿದ ಔಷಧಿ ಜೇನು ಟ್ಯೂಬಲ್ಲಿ ಬರುತ್ತೆ, ಅದನ್ನ ಹಚ್ಚಿ. ಗಾಯಕ್ಕೆ ಮಾತ್ರ, ಅವರ ಬಾಯಿಗಲ್ಲ!" ಎಂದರು.

ಟ್ಯೂಬು ತಂದೆ. ಅಪ್ಪ ಮುಖ ತಿರುಗಿಸಿದರು. "ಚಿನ್ನಿ ಕೈಯಾರೆ ಇಳಿಸಿದ್ದು ಇರೋವಾಗ ಈ ಆಸ್ಪತ್ರೆ ಗೋಂದು ಯಾಕೆ? ಅದನ್ನ ಹಚ್ಚೋದಾದ್ರೆ ಕಾಲು ಕೊಡ್ತೀನಿ, ಇಲ್ಲಾಂದ್ರೆ ಇಲ್ಲ." ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ. ಮನೆಯಲ್ಲೇ ಇರುವ ಮಗಳ ಕಥೆಯೂ ಅಷ್ಟೇ.

ಸರಿ, ಅಡುಗೆಮನೆಯಲ್ಲಿ ಟ್ಯೂಬಿನದನ್ನು ಪಟ್ಟಿಗೆ ಸವರಿ, ನಿನ್ನ ಬಾಟಲಿಯನ್ನೂ ಜೊತೆಗೆ ಹಿಡಿದು ತರತೊಡಗಿದೆ. ದರ್ಜಿಯ ಕಣ್ಣು ನೋಡು, "ಪಟ್ಟಿ ಓರೆಯಾಗಿ ಕತ್ತರಿಸಿದ್ದೀಯ" ಎಂದು ಗೊಣಗಿದರೇ ಹೊರತು ಜೇನಿನ ಮೇಲೆ ಅನುಮಾನ ಬರಲಿಲ್ಲ. ಆದರೆ ಬಾಟಲಿ ಖಾಲಿಯಾಗುತ್ತಾ ಬರಬೇಕಲ್ಲ? ಅವರಿಗೆ ತಿನ್ನಿಸುವಂತಿಲ್ಲ, ಚೆಲ್ಲಲು ಮನಸ್ಸಿಲ್ಲ. ದಿನಾ ಒಂದು ಚಮಚ ನಾನೇ ತಿಂದೆ, ಬಾಗಿಲು ಓರೆ ಮಾಡಿಕೊಂಡು, ಕಳ್ಳಬೆಕ್ಕಿನ ಹಾಗೆ. ಕೆಟ್ಟದಾಗಿರಲಿ ಎಂದುಕೊಂಡೇ ಬಾಯಿಗಿಟ್ಟೆ. ಅಯ್ಯೋ, ಎಷ್ಟು ಚೆನ್ನಾಗಿತ್ತು ಗೊತ್ತಾ! ಅದಕ್ಕೂ ಹೊಟ್ಟೆ ಉರಿಯಿತು.

ಅಪ್ಪನಿಗೆ ಇದನ್ನು ಹೇಳಬೇಡ. ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಈಗಷ್ಟೇ ಎದ್ದು ಓಡಾಡುತ್ತಿರುವ ಮುದುಕನ ಖುಷಿ ಕಿತ್ತುಕೊಳ್ಳುವಷ್ಟು ಕೆಟ್ಟವಳಲ್ಲ ನಾನು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮುಖಕ್ಕೆ ಬಲೆ ಕಟ್ಟಿಕೊಳ್ಳದೆ ಪೆಟ್ಟಿಗೆ ತೆರೆಯಬೇಡ. ನೂರು ಕಾಲ ಚೆನ್ನಾಗಿರು, ಹಾಳಾದವಳೇ.

ನಿನ್ನ
ಅಕ್ಕ

ತಾ.ಕ.: ಕೊನೆಯ ಪಟ್ಟಿ ಬಿಚ್ಚುವಾಗ ಅಪ್ಪನ ಪಾದ ನನ್ನ ತೊಡೆಯ ಮೇಲಿತ್ತು. ಖಾಲಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳಿದರು: "ಚಿನ್ನಿ ಹತ್ತಿರ ಇದ್ದಿದ್ರೆ ನನಗೆ ಈ ಗತಿ ಬರ್ತಿರಲಿಲ್ಲ. ನೋಡ್ಕೊಳ್ಳೋಕೆ ಯಾರಿದ್ದಾರೆ ನನಗೆ?" ನಾನು ಪಾದ ಒರೆಸಿ ಕಾಲುಚೀಲ ಹಾಕಿದೆ. ಇನ್ನೊಂದು ಬಾಟಲಿ ಕಳಿಸೇ. ಮೇಲೆ 'ಅಕ್ಕನಿಗೆ' ಅಂತ ಬರೆದು ಕಳಿಸು.