ಬಾಚಣಿಗೆ ತಾಗದ ಜಾಗ

ಮಾರ್ಚ್ 4
ಬೆಳಿಗ್ಗೆಯಿಂದ ಬರೀ ಶಾಲೆ ಮಕ್ಕಳ ತಲೆಗಳು. ಸೊಂಟ ಬಿದ್ದುಹೋಯಿತು. ಅಂಗಡಿ ಖಾಲಿಯಾದಾಗ ತಲೆ ತುರಿಸಿಕೊಂಡೆ — ನೆತ್ತಿಯ ಹಿಂದಿನ ಗಂಟು ದಪ್ಪವಾಗಿದೆ. ಪಕ್ಕದಲ್ಲಿ ಒಂದು ಮರಿ ಬೇರೆ. ಊರವರ ತಲೆಯೆಲ್ಲ ನನ್ನ ಕೈಯಲ್ಲಿ, ನನ್ನ ತಲೆ ಮಾತ್ರ ನನಗೆ ಕಾಣದು. ಅದಕ್ಕೆ ಕತ್ತರಿ ಹಾಕುವವರು ಅಪ್ಪ. ಈಗ ಅವರ ಕೈ ನಡುಗುತ್ತದೆ.
"ಡಾಕ್ಟರ ಹತ್ರ ಹೋಗ್ತೀರೋ, ಕತ್ತು ಹಿಡ್ಕೊಂಡು ಎಳ್ಕೊಂಡು ಹೋಗ್ಲೋ?" ಹೆಂಡತಿ. ಕ್ಯಾನ್ಸರ್ ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮಾರ್ಚ್ 7
ಚರ್ಮದ ಡಾಕ್ಟರಮ್ಮ ಕೂದಲು ಸರಿಸಿ ಒತ್ತಿದರು, ಉರುಳಿಸಿದರು. ನೋವು? ಇಲ್ಲ. ಕೀವು, ರಕ್ತ? ಇಲ್ಲ.
"ಸಿಸ್ಟ್ ಥರ ಇದೆ. ಕೂದಲಿನ ಬುಡದಲ್ಲಿ ಆಗೋ ಚೀಲ. ಹೆದರ್ಬೇಡಿ. ತೆಗೆದು ಲ್ಯಾಬಿಗೆ ಕಳ್ಸಿ ಖಾತ್ರಿ ಮಾಡ್ಕೊಳ್ಳೋಣ."
ಹೋದ ಜೀವ ಬಂತು.
"ಅಪ್ಪಂಗೋ ಅಮ್ಮಂಗೋ ಇದ್ಯಾ? ಇದು ಎಷ್ಟೋ ಸಲ ವಂಶದಲ್ಲೇ ಬರುತ್ತೆ."
ಅಪ್ಪನ ಬೋಳುತಲೆ ಉಜ್ಜಿದ ಚೊಂಬಿನಂತಿದೆ. ಅಮ್ಮನ ಕೂದಲಿಗೆ ಬಣ್ಣ ಹಚ್ಚುವವನು ನಾನೇ. ಇಬ್ಬರಿಗೂ ಇಲ್ಲ ಎಂದೆ.
"ಇಲ್ದಿದ್ರೂ ಬರ್ಬಹುದು ಬಿಡಿ."

ಮಾರ್ಚ್ 10, ರಜೆ
ಅಂಗಡಿ ಮುಚ್ಚಿದ ದಿನ ನಮ್ಮ ನಮ್ಮ ತಲೆಗಳ ಸರದಿ. ಎರಡನೇ ಕುರ್ಚಿಯ ಮಾಮ — ಅಪ್ಪನ ಪಾಲುದಾರ, ನಾನು ಹುಟ್ಟುವ ಮೊದಲೇ ಇಲ್ಲಿದ್ದವರು — ಅಪ್ಪನನ್ನು ಬಿಟ್ಟು ಯಾರಿಗೂ ತಲೆ ಕೊಟ್ಟವರಲ್ಲ. ಇವತ್ತು ಬಲವಂತವಾಗಿ ಕೂರಿಸಿದೆ.
"ಬೇಡ ಕಣೋ, ಇನ್ನೊಂದು ವಾರ ಬಿಡು."
"ಕರಡಿ ಥರ ಇದ್ದೀರಾ ಮಾಮ. ಗಿರಾಕಿ ಓಡಿಹೋಗ್ತಾರೆ."
ನೆತ್ತಿಯ ಹಿಂದೆ ಬಾಚಣಿಗೆ ಎಡವಿತು. ಗಂಟು. ಪಕ್ಕದಲ್ಲಿ ಇನ್ನೊಂದು. ಒತ್ತಿದೆ... ಉರುಳಿತು.
"ನೋವಿದ್ಯಾ?"
ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಅರ್ಧ ಕಟಿಂಗಿಗೇ ಎದ್ದು ಹೊರಟುಬಿಟ್ಟರು, ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ.

ಮಾರ್ಚ್ 11
ಇಂಥ ಗಂಟು ಎಷ್ಟು ಜನಕ್ಕಿಲ್ಲ? ಹಾಗೆ ಅಂದುಕೊಂಡೇ ಅಮ್ಮನ ಹತ್ತಿರ ಹೋದೆ. ನಗುತ್ತಲೇ ಹೇಳಿದೆ, "ಮಾಮಂಗೂ ಇದೆ ಅಮ್ಮ."
ಬಟ್ಟೆ ಮಡಚುತ್ತಿದ್ದ ಕೈ ನಿಂತಿತು.
"ನಿಮ್ಮಪ್ಪಂಗೆ ಹೇಳ್ಬೇಡ."
ನಾನು ಏನನ್ನೂ ಕೇಳಿಯೇ ಇರಲಿಲ್ಲ!
"ಹಾಗಾದ್ರೆ ನಾನು ಯಾರ ಮಗ?"
"ಸಾಕಿದೋರ ಮಗ" ಎಂದಳು. ಅತ್ತಳು.
ಥೂ! ಹುಟ್ಟಿದಾಗಿನಿಂದ ಮಾಮ ಮಾಮ ಅಂತ ಬಾಯ್ತುಂಬ ಕರೆದೆನಲ್ಲ. ಒಂದು ದಿನವಾದರೂ ಆ ಮನುಷ್ಯನ ಮುಖ ಕೆಂಪಾಗಲಿಲ್ಲವಲ್ಲ.

ಮಾರ್ಚ್ 29
ಗಂಟು ತೆಗೆಸಿದ್ದಾಯಿತು. ರಿಪೋರ್ಟ್ ಬಂತು — ಬರೀ ಸಿಸ್ಟ್, ಭಯವಿಲ್ಲ. ಮಾಮ ಎದ್ದುಹೋದಾಗಿನಿಂದ ಎರಡನೇ ಕುರ್ಚಿ ಖಾಲಿ.
ಇಷ್ಟು ದಿನ ಅಪ್ಪನನ್ನು ನೆನೆದೇ ಮರುಗುತ್ತಿದ್ದೆ. ಪಾಪ, ಮೋಸಹೋದವರು ನಾವಿಬ್ಬರೇ ಎಂದು. ಹೇಳಲೋ ಬೇಡವೋ ಎಂದು ಒದ್ದಾಡಿದೆ. ಸಂಜೆ ಅವರೇ ಅಂಗಡಿಗೆ ಬಂದರು. ಗಾಯದ ಸುತ್ತ ಬೆರಳಾಡಿಸಿದರು.
"ತೆಗೆಸ್ಬಿಟ್ಯಾ? ನನ್ನ ಬಾಚಣಿಗೆ ಯಾವತ್ತಾದ್ರೂ ತಾಗಿತ್ತಾ ಅದಕ್ಕೆ?"
"ಇಲ್ಲ."
"ಅವಂಗೂ ತಾಗಿಸಿಲ್ಲ."
ಅವನಿಗೂ! ಮಾಮನ ತಲೆ, ನನ್ನ ತಲೆ — ಒಂದೇ ಕುರ್ಚಿ, ಒಂದೇ ಬೆರಳುಗಳು. ಮೂವರಿಗೂ ಗೊತ್ತಿತ್ತು. ಪೆದ್ದ ನಾನೊಬ್ಬನೇ. ಕನ್ನಡಿ ಒಡೆಯುವಷ್ಟು ಸಿಟ್ಟು ಬಂತು. ಅಪ್ಪ ಕುರ್ಚಿ ಒರೆಸಿದರು. "ಕೂತ್ಕೋ, ಹಿಂದೆ ಬೆಳ್ದಿದೆ."
ಕೂತೆ. ಕಿವಿಯ ಹತ್ತಿರ ಕತ್ತರಿ ನಡುಗುತ್ತಿತ್ತು. ಕೇಳಿಯೇಬಿಡೋಣ, ಯಾಕೆ ಹೇಳಲಿಲ್ಲ ಅಂತ. ಬಾಯಿ ತೆಗೆದೆ. "ಅಪ್ಪ" ಎಂದೆ. ಆಮೇಲೆ ಅವರ ಕತ್ತರಿಗೆ ತಲೆ ಬಗ್ಗಿಸಿದೆ.