ಹಡಗಿನ ಚಿತ್ರಕ್ಕೆ ಕುಂಕುಮ

ಕನಕರಾಜ,

ನಿನಗೆ ನಾನು ಬರೆದ ಹಿಂದಿನ ಪತ್ರದಲ್ಲಿ ನೀನು ತೀರಿಕೊಂಡ ದಿನವನ್ನು ಜನವರಿ ಒಂಬತ್ತೆಂದು ಬರೆದಿದ್ದೆ. ತಪ್ಪಾಯಿತು, ಕ್ಷಮಿಸು. ಅದರಲ್ಲಿದ್ದ ಬೈಗುಳಗಳಲ್ಲಿ ಮಾತ್ರ ತಿದ್ದುವಂಥದ್ದೇನೂ ಕಾಣಲಿಲ್ಲ.

ನಿನ್ನೆ ಗೌರಿಬಿದನೂರಿಗೆ ನಿನ್ನ ಇನ್ನೊಂದು ಅಂಚೆಕಾರ್ಡು ಬಂದಿತು. ಒಂದು ಬದಿಯಲ್ಲಿ ಮಂಗಳೂರಿನ ಬಂದರು, ಬಿಳಿಯ ಪ್ರವಾಸಿ ಹಡಗು, ಇನ್ನೊಂದು ಬದಿಯಲ್ಲಿ, "ಅಮ್ಮ, ದೀಪಾವಳಿಗೆ ಗ್ಯಾರಂಟಿ ಬರ್ತೀನಿ." ಹಡಗಿನ ಪ್ರಯಾಣಿಕರಿಗೆ ನೀನು ಮಾರುತ್ತಿದ್ದ ಕಾರ್ಡುಗಳನ್ನೇ ಆಸ್ಪತ್ರೆಯ ಹಾಸಿಗೆಯಲ್ಲಿ ಒಟ್ಟಿಗೆ ಬರೆದು, ತಿಂಗಳಿಗೊಂದರಂತೆ ಅಂಚೆಗೆ ಹಾಕಲು ಗೆಳೆಯ ವೇಣುವಿಗೆ ಒಪ್ಪಿಸಿ ಸತ್ತೆ. ಅಮ್ಮನಿಗೆ ನಿನ್ನ ಸಾವನ್ನು ತಿಳಿಸಕೂಡದೆಂದು ನನ್ನಿಂದ ಭಾಷೆಯನ್ನೂ ಪಡೆದಿದ್ದೆ. ಹೇಡಿ!

ಕಿವಿ ಕೇಳದ ಅಮ್ಮ ಕನ್ನಡಕವೇರಿಸಿ ಎರಡು ಸಲ ಓದಿದಳು. ಎಂದಿನಂತೆ ಹಡಗಿಗೆ ಕುಂಕುಮವಿಟ್ಟು, ಕಾರ್ಡನ್ನು ದೇವರ ಪಟದ ಹಿಂದೆ ಸಿಕ್ಕಿಸಿ, ನನ್ನತ್ತ ತಿರುಗಿದಳು.

"ನೋಡೋ, ಅಷ್ಟು ದೂರ ಇದ್ರೂ ತಿಂಗ್ಳು ತಿಂಗ್ಳೂ ನನ್ನ ನೆನೀತಾನೆ. ನೀನು ಪಕ್ಕದಾಗೇ ಇದ್ದು ಮುಖ ಗಂಟಾಕ್ಕೊಂಡಿರ್ತೀಯ. ಅವನ್ನ ನೋಡಿ ಕಲ್ತ್ಕೊಳ್ಳಪ್ಪ!"

ನೀನು ಸತ್ತಿರುವೆಯೆಂದು ಕಾಗದದಲ್ಲಿ ಬರೆದು ಅವಳ ಮುಂದೆ ಹಿಡಿಯಬೇಕೆನ್ನಿಸಿತು. ಬರೆದೂ ಬರೆದೆ; ಆಮೇಲೆ ಹರಿದು ಒಲೆಗೆ ಹಾಕಿದೆ.

ಸಂಜೆ ವೇಣು ಕರೆ ಮಾಡಿದ. "ಅವನು ಬರ್ದಿಟ್ಟಿದ್ರಲ್ಲಿ ಇದೇ ಕೊನೇದು ಸಾರ್. ಖಾಲಿ ಕಾರ್ಡ್ ಕಳ್ಸಿದ್ದೀನಿ. ನೀವೇ ಅವನ್ ಥರ ಬರ್ದು ಕೊಡಿ, ಇಲ್ಲಿಂದ ಪೋಸ್ಟ್ ಮಾಡ್ತೀನಿ."

ನಲವತ್ತು ವರ್ಷ ಮಕ್ಕಳ ಕನ್ನಡ ತಿದ್ದಿದವನು ಇನ್ನು ಮುಂದೆ ನಿನ್ನ ಗ್ಯಾರಂಟಿಗಳನ್ನು ಬರೆಯಬೇಕು.

ತಿದ್ದಿದ ದಿನಾಂಕಗಳು:

ನೀನು ತೀರಿಕೊಂಡದ್ದು: ಜನವರಿ ಹತ್ತೊಂಬತ್ತು.
ನೀನು ಬರೆದ ಕೊನೆಯ ಕಾರ್ಡು ಬಂದದ್ದು: ಜುಲೈ ಎಂಟು.
ನೀನು ಊರಿಗೆ ಬರುವುದು: ದೀಪಾವಳಿಗಲ್ಲ, ಯುಗಾದಿಗೆ.