ಅತ್ತೆ ಮುಟ್ಟದ ಹಾಸಿಗೆ

ಅಕ್ಕಾ,

ರಜೆ ಕ್ಲಬ್ಬಿಗೆ ವರ್ಷಾ ವರ್ಷ ದುಡ್ಡು ಕಟ್ಟಿ ಕೂಡಿಸಿದ ಟೈಮ್‌ಶೇರ್ ಪಾಯಿಂಟ್‌ಗಳನ್ನೇನು ಉಪ್ಪಿನಕಾಯಿ ಹಾಕ್ತೀಯಾ ಅಂತಿದ್ದೆಯಲ್ಲ, ಅವುಗಳಿಂದಲೇ ಹಡಗು ಹತ್ತಿದ್ದೇವೆ! ತಮಾಷೆ ಕೇಳು. ಕೆದರಿದ ಹಾಸಿಗೆಯನ್ನು ರೂಮು ಗುಡಿಸೋ ಕೆಲಸದವರು ನೋಡಿದರೆ ಮಾನ ಹೋಗುತ್ತೆ ಅಂತ ನಮ್ಮತ್ತೆ ದಿನಾ ಬೆಳಿಗ್ಗೆ ಪೆಟ್ಟಿಗೆಗಳನ್ನು ಮಂಚದಡಿ ತಳ್ಳಿ, ಹಾಸಿಗೆ ಸರಿಮಾಡಿ, ಬಚ್ಚಲನ್ನೂ ಒರೆಸಿಡ್ತಾರೆ. ಮೂರು ದಿನ ನೋಡಿದ ಕೆಲಸದವರು ಈ ರೂಮಿಗೆ ಯಾರೂ ಬಂದೇ ಇಲ್ಲ ಅಂತ ಹಡಗಿನ ಆಫೀಸಿಗೆ ಬರೆದುಕೊಟ್ಟಿದ್ದಾರೆ! ಅದಕ್ಕೇ ನಿನ್ನೆ ದ್ವೀಪ ಸುತ್ತೋ ಬಸ್ಸಿನ ಪಟ್ಟಿಯಲ್ಲಿ ನಮ್ಮ ಹೆಸರೇ ಇಲ್ಲ. ನಮ್ಮ ಯಜಮಾನರು ಕೂಗಾಡಿದ್ದಕ್ಕೆ ಗೈಡ್ ಮುಂದಿನ ಸೀಟೇ ಕೊಟ್ಟ. ಪಾಯಿಂಟ್ ದಂಡವಾಗಲಿಲ್ಲ, ಹಡಗಿನ ಓಲಾಟಕ್ಕೆ ಶುರುವಾಗಿದ್ದ ನನ್ನ ವಾಂತಿಯೂ ನಿಂತಿದೆ. ಇನ್ನು ನಮ್ಮ ಹಾಸಿಗೆ ಮುಟ್ಟಲ್ಲ ಅಂತ ಅತ್ತೆಯಿಂದ ಆಣೆ ಮಾಡಿಸಿದ್ದೇವೆ. ಅಯ್ಯೋ, ಬರ್ತೀನಿ, ಪಕ್ಕದ ರೂಮಿನವರ ಬಾಗಿಲು ತೆರೆದಿದೆ, ಅತ್ತೆ ಅವರ ಹಾಸಿಗೆ ಕೊಡವುತ್ತಿದ್ದಾರೆ!

ನಿನ್ನ ಪುಟ್ಟಿ